ನೆಟ್ಟ ಲೆಕ್ಕ ಬೇರೆ, ಉಳಿದ ಲೆಕ್ಕ ಬೇರೆ

(ಉತ್ತರ ಕನ್ನಡದ ಒಂದು ಕಾಲೇಜಿನಲ್ಲಿ ವಿದ್ಯಾರ್ಥಿಗಳು ಮತ್ತು ಅಳಿವೆ ಭಾಗದ ಊರವರ ಮುಂದೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈಗಷ್ಟೇ ನನ್ನ ಪರಿಚಯ ಮಾಡಿದವರು "ಇವರು ಸಾವಿರಾರು ಕಾಂಡ್ಲಾ ಗಿಡ ನೆಟ್ಟವರು" ಅಂದರು. ಕಾಂಡ್ಲಾ ಅಂದರೆ ಅಳಿವೆಯ ಕೆಸರಲ್ಲಿ ಬೆಳೆಯುವ ಮ್ಯಾಂಗ್ರೋವ್. ದೊಡ್ಡ ಮನಸ್ಸು ಅವರದ್ದು. ಆದರೆ ವಿಷಯ ಹಾಗಿಲ್ಲ. ನಾನು ನೆಟ್ಟದ್ದು ಕಡಿಮೆ. ಬೇರೆಯವರು ನೆಟ್ಟದ್ದನ್ನು ಎಣಿಸುವುದು ನನ್ನ ಹವ್ಯಾಸ. ಪಾಠ ಮಾಡಿ ನಿವೃತ್ತನಾದ ಮೇಲಂತೂ ಅದೇ ಕೆಲಸ ಆಗಿಬಿಟ್ಟಿದೆ. ಗಿಡ ನೆಡುವವರಿಗೆ ಶಾಲು ಹೊದಿಸುತ್ತಾರೆ, ಫೋಟೋ ತೆಗೆಯುತ್ತಾರೆ. ಎಣಿಸುವವನಿಗೆ ಚಹಾ ಸಿಕ್ಕರೆ ಪುಣ್ಯ. ಒಮ್ಮೆ ಒಬ್ಬರು ನನ್ನನ್ನು ಕೇಳಿಯೇಬಿಟ್ಟರು, "ನಿಮಗೆ ಎಣಿಸೋಕೆ ಯಾರು ಹೇಳಿದ್ದು?" ಅಂತ. ಯಾರೂ ಹೇಳಿರಲಿಲ್ಲ. ಅದೇ ತೊಂದರೆ ನೋಡಿ. ಯಾರೂ ಹೇಳುವುದಿಲ್ಲ.

ಇವತ್ತಿನ ವಿಷಯ ಜೀವಂತ ದಂಡೆ. ಇಂಗ್ಲಿಷಿನಲ್ಲಿ ಲಿವಿಂಗ್ ಶೋರ್‌ಲೈನ್ ಅಂತಾರೆ. ದಂಡೆ ಕೊರೆಯುತ್ತಿದೆ ಅಂದ ಕೂಡಲೇ ನಾವು ಕಲ್ಲು ತಂದು ಸುರಿಯುತ್ತೇವಲ್ಲ, ಅದರ ಬದಲು ಆ ಜಾಗದಲ್ಲಿ ತಾನಾಗಿ ಬೆಳೆಯಬೇಕಾಗಿದ್ದ ಗಿಡ, ಹುಲ್ಲು, ಚಿಪ್ಪಿನ ದಿಬ್ಬಗಳನ್ನೇ ಬೆಳೆಸಿ ಅಲೆಯ ಪೆಟ್ಟು ತಗ್ಗಿಸುವುದು. ಬೇಕಾದರೆ ಎದುರಿಗೆ ಒಂದು ಗಿಡ್ಡ ಕಲ್ಲಿನ ಸಾಲು ಇಡಬಹುದು, ಸಸಿ ಬೇರು ಬಿಡುವವರೆಗೆ ಆಸರೆಯಾಗಿ. ಈ ಹೆಸರು ಬಳಕೆಗೆ ಬಂದದ್ದು ಅಮೆರಿಕದ ಪೂರ್ವ ಕರಾವಳಿಯ ಚೆಸಪೀಕ್ ಕೊಲ್ಲಿಯ ಕಡೆಯಿಂದ. ಅಲ್ಲಿನ ಮೇರಿಲ್ಯಾಂಡ್ ರಾಜ್ಯ 2008ರಲ್ಲಿ ಕಾನೂನನ್ನೇ ಮಾಡಿತು. ದಂಡೆ ಉಳಿಸಬೇಕಾ? ಮೊದಲು ಗಿಡದ ದಾರಿ ನೋಡಿ. ಅದು ಅಲ್ಲಿ ಆಗುವುದಿಲ್ಲ ಅಂತ ತೋರಿಸಿದರೆ ಮಾತ್ರ ಗೋಡೆಗೆ ಅನುಮತಿ.

ಹೆಸರು ಅಲ್ಲಿಯದಾದರೂ ಕೆಲಸ ನಮಗೆ ಹೊಸದಲ್ಲ. ಇಲ್ಲಿ ಗಜನಿ, ಅಂದರೆ ಅಳಿವೆ ಪಕ್ಕ ಒಡ್ಡು ಕಟ್ಟಿದ ಉಪ್ಪುನೆಲದ ಗದ್ದೆ, ಇರುವವರು ಕೈ ಎತ್ತಿ. ಹೂಂ, ಬಹಳ ಜನ ಇದ್ದೀರಿ. ಗಜನಿ ಒಡ್ಡಿನ ಹೊರಮೈಗೆ ಕಾಂಡ್ಲಾ ಸಾಲು ಯಾಕೆ ಬೇಕು ಅಂತ ನಿಮ್ಮ ಅಜ್ಜಂದಿರಿಗೆ ಯಾರೂ ಉಪನ್ಯಾಸ ಕೊಟ್ಟಿರಲಿಲ್ಲ. ಸಾಲು ಇದ್ದಲ್ಲಿ ಒಡ್ಡಿಗೆ ಮಣ್ಣು ಹಾಕುವ ಕೆಲಸ ಕಡಿಮೆ. ಇಲ್ಲದ ಕಡೆ ಪ್ರತಿ ಮಳೆಗಾಲ ಕಳೆದ ಮೇಲೂ ಬುಟ್ಟಿ ಹೊರಬೇಕು. ಅಷ್ಟು ಗೊತ್ತಿದ್ದರೆ ಸಾಕಾಗಿತ್ತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಜಗಳ ಬೇಡ. ಇದು ಎಲ್ಲಾ ಕಡಲ್ಕೊರೆತಕ್ಕೂ ಮದ್ದಲ್ಲ. ಉಳ್ಳಾಲದಂಥ ತೆರೆದ ಮರಳು ದಂಡೆಯಲ್ಲಿ, ಜೂನ್-ಜುಲೈ ಅಲೆಯ ಎದುರಿಗೆ ಕಾಂಡ್ಲಾ ನೆಟ್ಟರೆ ಒಂದು ವಾರವೂ ನಿಲ್ಲುವುದಿಲ್ಲ. ಅಲ್ಲಿನ ಲೆಕ್ಕಾಚಾರವೇ ಬೇರೆ. ನಾನು ಮಾತಾಡುವುದು ಅಳಿವೆಗಳ ಬಗ್ಗೆ. ಅಘನಾಶಿನಿ, ಶರಾವತಿ, ಕಾಳಿ, ಗಂಗೊಳ್ಳಿಯ ಒಳಭಾಗ, ಇಂಥ ಜಾಗ. ನೀರು ಉಪ್ಪಾಗಿ, ಸಿಹಿಯಾಗಿ, ಮತ್ತೆ ಉಪ್ಪಾಗುವ, ಕೆಸರು ಬಂದು ಕೂರುವ ಜಾಗ.

ಗೋಡೆಗಿಂತ ಗಿಡ ಗಟ್ಟಿ ಅಂದರೆ ಯಾರೂ ನಂಬುವುದಿಲ್ಲ. ನಾನೂ ನಂಬುತ್ತಿರಲಿಲ್ಲ. 2011ರ ಆಗಸ್ಟ್‌ನಲ್ಲಿ ಐರೀನ್ ಎಂಬ ಚಂಡಮಾರುತ ಅಮೆರಿಕದ ನಾರ್ತ್ ಕೆರೊಲಿನಾಕ್ಕೆ ಬಡಿಯಿತು. ಅಲ್ಲಿನ ಕೆಲವು ಸಂಶೋಧಕರು ಜೌಗು ಹುಲ್ಲಿನ ದಂಡೆಗಳನ್ನು ಚಂಡಮಾರುತ ಬರುವ ಮೊದಲೇ ಅಳೆದಿಟ್ಟಿದ್ದರು. ಮೊದಲೇ ಅನ್ನುವುದನ್ನು ಗಮನಿಸಿ. ಬಿರುಗಾಳಿ ಹೋದ ಮೇಲೆ ಮತ್ತೆ ಅಳೆದರು, ನೆಟ್ಟಗೆ ನಿಲ್ಲಿಸಿದ ತಡೆಗೋಡೆಗಳನ್ನೂ ನೋಡಿಕೊಂಡು ಬಂದರು. ಪರಿಶೀಲಿಸಿದ ಗೋಡೆಗಳಲ್ಲಿ 76 ಶೇಕಡಾ ಹಾಳಾಗಿದ್ದವು. ಹುಲ್ಲಿನ ದಂಡೆಯಲ್ಲಿ ನೆಲದ ಎತ್ತರ ಕಡಿಮೆಯಾಗಿರಲಿಲ್ಲ. ಹುಲ್ಲು ತೆಳ್ಳಗಾಗಿತ್ತು, ನಿಜ. ವರ್ಷ ತುಂಬುವ ಹೊತ್ತಿಗೆ ಮತ್ತೆ ಚಿಗುರಿತು. ಗೋಡೆ ಚಿಗುರುವುದಿಲ್ಲ, ಅಲ್ವಾ? ಅದಕ್ಕೆ ಟೆಂಡರ್ ಕರೆಯಬೇಕು.

ಈ ಅಂಕಿ ಬಂದದ್ದು ಅವರು ಮೊದಲೇ ಅಳೆದಿಟ್ಟಿದ್ದರಿಂದ. ಇಲ್ಲದಿದ್ದರೆ "ಹುಲ್ಲು ಇದ್ದಲ್ಲಿ ಪರವಾಗಿಲ್ಲ ಅನಿಸಿತು" ಎಂಬ ಮಾತಷ್ಟೇ ಉಳಿಯುತ್ತಿತ್ತು. ಅನಿಸಿಕೆಗೆ ಸರ್ಕಾರ ದುಡ್ಡು ಕೊಡುವುದಿಲ್ಲ. ಕೊಡಲೂಬಾರದು.

ಈಗ ಬೇಸರದ ಕತೆ. ಪಕ್ಕದ ಶ್ರೀಲಂಕಾದ್ದು. 2004ರ ಸುನಾಮಿ ಆದ ಮೇಲೆ ಅಲ್ಲಿ ಕಾಂಡ್ಲಾ ನೆಡುವ ಉತ್ಸಾಹ ಉಕ್ಕಿ ಬಂತು. ಸಾವಿರ ಹೆಕ್ಟೇರಿಗೂ ಜಾಸ್ತಿ ಜಾಗದಲ್ಲಿ ನೆಟ್ಟರು. ಕೆಲವು ವರ್ಷ ಬಿಟ್ಟು ವಿಜ್ಞಾನಿಗಳ ಒಂದು ತಂಡ 23 ಜಾಗಗಳಿಗೆ ಹೋಗಿ ಎಣಿಸಿತು. ಅವರ ವರದಿ 2017ರಲ್ಲಿ ಬಂತು. 9 ಕಡೆ ಒಂದೇ ಒಂದು ಗಿಡ ಇರಲಿಲ್ಲ. ಸೊನ್ನೆ. ಒಟ್ಟು ನೆಟ್ಟದ್ದರಲ್ಲಿ ಕಾಡು ಅನ್ನುವಷ್ಟು ಉಳಿದದ್ದು ಇನ್ನೂರು ಹೆಕ್ಟೇರ್ ಚಿಲ್ಲರೆ. ನೆಟ್ಟವರು ಸುಳ್ಳು ಹೇಳಿದ್ದರಾ? ಇಲ್ಲ. ನಿಜವಾಗಿ ನೆಟ್ಟಿದ್ದರು. ಫೋಟೋಗಳೂ ನಿಜ. ಸಸಿ ನಿಂತದ್ದು ತಪ್ಪು ಜಾಗದಲ್ಲಿ.

ಈ ತಪ್ಪು ಜಾಗದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಇಡೀ ಮಾತಿನ ಗಂಟು ಇಲ್ಲೇ ಇದೆ.

ಕಾಂಡ್ಲಾ ಉಪ್ಪುನೀರಿನ ಗಿಡ. ಹಾಗಂತ ಅದು ನೀರೊಳಗಿನ ಗಿಡ ಅಲ್ಲ. ಅದರ ಬೇರಿಗೂ ಉಸಿರು ಬೇಕು. ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ನಮ್ಮ ಕಡೆ ಹುಣ್ಣಿಮೆ, ಅಮಾವಾಸ್ಯೆಯ ದೊಡ್ಡ ಭರತಕ್ಕೂ ಇಳಿತಕ್ಕೂ ಅಂತರ ಒಂದೂವರೆಯಿಂದ ಎರಡು ಮೀಟರ್, ಅಷ್ಟೇ. ಈ ಎರಡು ಮೀಟರಿನಲ್ಲಿ ಮೇಲಿನ ಅರ್ಧ ಕಾಂಡ್ಲಾದ್ದು. ಕೆಳಗಿನ ಅರ್ಧ ಬಳಚಿನದ್ದು (ಕೆಸರಲ್ಲಿ ಸಿಗುವ, ತಿನ್ನುವ ಚಿಪ್ಪುಜೀವಿ), ಏಡಿಯದ್ದು, ಹಕ್ಕಿಗಳದ್ದು. ಗಡಿ ಬಹಳ ಸಣ್ಣದು. ಒಂದು ಗೇಣು ಕೆಳಗೆ ನೆಟ್ಟರೆ ಸಸಿ ದಿನದ ಬಹುಪಾಲು ನೀರಲ್ಲೇ ಮುಳುಗಿರುತ್ತದೆ, ಅದರ ಮೈಗೆ ಬಾರ್ನಕಲ್ ಎಂಬ ಸುಣ್ಣದ ಚಿಪ್ಪಿನ ಜೀವಿ ಅಂಟಿಕೊಳ್ಳುತ್ತದೆ, ಭಾರಕ್ಕೆ ಬಾಗಿ ಸಾಯುತ್ತದೆ.

ಹಾಗಾದರೆ ಜನ ಕೆಳಗೆ ಯಾಕೆ ನೆಡುತ್ತಾರೆ? ಗೊತ್ತಿಲ್ಲದೆ ಮಾತ್ರ ಅಲ್ಲ. ಮೇಲಿನ ಅರ್ಧಕ್ಕೆ ಯಜಮಾನರಿದ್ದಾರೆ. ಅದು ಗಜನಿ, ಅಥವಾ ಸಿಗಡಿ ಕೆರೆ, ಅಥವಾ ಯಾರದೋ ತೆಂಗಿನ ತೋಟ. ಕೆಳಗಿನ ಕೆಸರಿಗೆ ಕಾಗದ ಪತ್ರದಲ್ಲಿ ಯಜಮಾನರಿಲ್ಲ. ಜಗಳ ಇಲ್ಲದ ಜಾಗ, ಅಲ್ಲಿ ನೆಟ್ಟುಬಿಡುವುದು. ಫಿಲಿಪ್ಪೀನ್ಸ್‌ನಲ್ಲೂ ಇದೇ ಆಯಿತು. ಪಾಳುಬಿದ್ದ ಮೀನು ಕೆರೆಗಳಲ್ಲಿ ಕಾಡು ಬೆಳೆಸಬೇಕಿತ್ತು, ಅದರ ಬದಲು ಕಡಲ ಕಡೆಯ ಕೆಸರಲ್ಲಿ ನೆಟ್ಟರು. ಹೆಚ್ಚಿನವು ಉಳಿಯಲಿಲ್ಲ. ಆ ಕೆಸರಿಗೆ ನಮ್ಮಲ್ಲಿ ಯಜಮಾನರಿಲ್ಲ ಅನ್ನುವುದೂ ಸುಳ್ಳೇ. ಯಜಮಾನತಿಯರಿದ್ದಾರೆ. ಹಿಂದಿನ ಸಾಲಿನಲ್ಲಿ ಕೂತಿದ್ದಾರೆ. ಅವರ ವಿಷಯಕ್ಕೆ ಮತ್ತೆ ಬರುತ್ತೇನೆ.

ಇನ್ನೊಂದು ಕಾರಣ ರೈಜೋಫೋರಾ ಎಂಬ ಕಾಂಡ್ಲಾ ಜಾತಿ. ನೀವು ನೋಡಿರುತ್ತೀರಿ, ಅದರ ಬೀಜ ಮರದಲ್ಲೇ ಮೊಳೆತು ನುಗ್ಗೆಕಾಯಿ ಹಾಗೆ ಜೋತಾಡುತ್ತದೆ. ಅದನ್ನು ಕಿತ್ತು ತಂದು ಕೆಸರಿಗೆ ಚುಚ್ಚಿದರೆ ಮುಗಿಯಿತು. ನರ್ಸರಿ ಬೇಡ, ಪಾಲಿಥೀನ್ ಚೀಲ ಬೇಡ. ಒಂದು ದಿನಕ್ಕೆ ಒಬ್ಬರು ನೂರಾರು ಚುಚ್ಚಬಹುದು. ಅವಿಸೀನಿಯಾ, ಸೋನರೇಷಿಯಾ ಎಂಬ ಬೇರೆ ಕಾಂಡ್ಲಾ ಜಾತಿಗಳು ಸಣ್ಣ ಬೀಜದವು, ಕಾಟ ಜಾಸ್ತಿ. ಹಾಗಾಗಿ ಎಲ್ಲಾ ಕಡೆ ರೈಜೋಫೋರಾ. ಅದಕ್ಕೆ ಒಗ್ಗದ ಜಾಗದಲ್ಲೂ ರೈಜೋಫೋರಾ.

ಇಲ್ಲಿ ನನ್ನದೇ ಒಂದು ತಪ್ಪು ಒಪ್ಪಿಕೊಳ್ಳಬೇಕು. ಶುರುವಿನ ವರ್ಷಗಳಲ್ಲಿ ನಾನು ಮಳೆಗಾಲದಲ್ಲಿ ನೆಟ್ಟ ಒಂದು ಜಾಗವನ್ನು ನವೆಂಬರ್‌ನಲ್ಲಿ ಎಣಿಸಿದೆ. ಹತ್ತಿರ ಹತ್ತಿರ ಎಲ್ಲವೂ ನಿಂತಿದ್ದವು. ತುದಿಗೆ ಎರಡೆರಡು ಎಲೆ, ಹಚ್ಚಗೆ. ಖುಷಿಯಿಂದ ಬರೆದುಕೊಟ್ಟೆ. ಆ ನುಗ್ಗೆಕಾಯಿ ತಾನು ಹೊತ್ತು ತಂದ ಬುತ್ತಿಯನ್ನೇ ಉಂಡು ತಿಂಗಳುಗಟ್ಟಲೆ ಹಸಿರಾಗಿರುತ್ತದೆ, ಜಾಗ ಒಗ್ಗಿತೋ ಇಲ್ಲವೋ ಅನ್ನುವುದಕ್ಕೂ ಆ ಎಲೆಗಳಿಗೂ ಸಂಬಂಧ ಇಲ್ಲ ಅಂತ ನನಗೆ ಹೊಳೆದಿರಲಿಲ್ಲ. ಮುಂದಿನ ವರ್ಷ ಹೋದರೆ ಬರೀ ಕಡ್ಡಿಗಳು. ಮೂರನೇ ವರ್ಷ ಕಡ್ಡಿಯೂ ಇಲ್ಲ. ನನ್ನ ಬರಹ ಮಾತ್ರ ಯಾವುದೋ ಕಡತದಲ್ಲಿ ಈಗಲೂ ಹಸಿರಾಗಿದೆ. ಆವತ್ತಿನಿಂದ ಒಂದು ನಿಯಮ ಮಾಡಿಕೊಂಡೆ. ಎರಡು ಮಳೆಗಾಲ ಕಳೆಯದೆ "ಉಳಿದಿದೆ" ಎಂಬ ಪದ ಬರೆಯುವುದಿಲ್ಲ.

ರಾಬಿನ್ ಲೂಯಿಸ್ ಅಂತ ಒಬ್ಬರಿದ್ದರು, ಫ್ಲೋರಿಡಾದವರು. ಅವರ ದಾರಿ ಬೇರೆಯೇ. ಗಿಡ ನೆಡಬೇಡಿ, ಮೊದಲು ನೀರಿನ ದಾರಿ ಸರಿ ಮಾಡಿ ಅನ್ನುತ್ತಿದ್ದರು. ಪಕ್ಕದಲ್ಲಿ ಒಳ್ಳೆ ಕಾಂಡ್ಲಾ ಕಾಡಿದ್ದರೆ ಅಲ್ಲಿನ ನೆಲದ ಎತ್ತರ ಅಳೆಯಿರಿ, ಹಾಳಾದ ಜಾಗವನ್ನು ಅದೇ ಎತ್ತರಕ್ಕೆ ತನ್ನಿ, ಭರತದ ನೀರು ಬಂದು ಹೋಗಲಿ, ಬೀಜ ತಾನೇ ತೇಲಿ ಬರುತ್ತದೆ. ಫ್ಲೋರಿಡಾದ ವೆಸ್ಟ್ ಲೇಕ್ ಎಂಬಲ್ಲಿ ನೂರಾರು ಹೆಕ್ಟೇರನ್ನು ಅವರು ಹೀಗೇ ಎಬ್ಬಿಸಿದರು. ಒಂದೇ ಜಾಗದಲ್ಲಿ ನಿಂತು, ವರ್ಷಗಟ್ಟಲೆ, ಅದೇ ದಿಕ್ಕಿಗೆ ಕ್ಯಾಮೆರಾ ಹಿಡಿದು ಫೋಟೋ ತೆಗೆದರು. ಮೊದಲ ಫೋಟೋದಲ್ಲಿ ಬೋಳು ನೆಲ. ಕೊನೆಯದರಲ್ಲಿ ಕಾಡು. ನಮ್ಮ ಜೂನ್ ಐದರ ಪರಿಸರ ದಿನದ ಫೋಟೋಗಳಲ್ಲಿ ಇರುವುದು ಗಣ್ಯರ ಮುಖ. ಹಿಂದೆ ಯಾವ ಜಾಗ ಅಂತಲೂ ಗೊತ್ತಾಗುವುದಿಲ್ಲ.

ಹಾಗಾದರೆ ಅಳೆಯುವುದು ಹೇಗೆ? ವಿದ್ಯಾರ್ಥಿಗಳೇ, ಇದು ನಿಮಗೆ. ದೊಡ್ಡ ಯಂತ್ರ ಬೇಕು ಅಂತ ಹೆದರಬೇಡಿ.

ಮೊದಲು ನೆಲದ ಎತ್ತರ. ಗಾರೆ ಕೆಲಸದವರ ಹತ್ತಿರ ಲೆವೆಲ್ ಪೈಪು ಇರುತ್ತದಲ್ಲ, ನೀರು ತುಂಬಿದ ಪಾರದರ್ಶಕ ಪೈಪು, ಅದು ಸಾಕು. ಸೇತುವೆಯ ಕಂಬದ ಮೇಲೋ, ಅಲ್ಲಾಡದ ಬಂಡೆಯ ಮೇಲೋ ಒಂದು ಗುರುತು ಮಾಡಿ. ಅಲ್ಲಿಂದ ಅಳತೆ ಶುರು. ಆ ಗುರುತು ನಿಮಗೆ ಕುಲದೇವರಿದ್ದ ಹಾಗೆ. ಅದು ಕಳೆದುಹೋದರೆ ಎಲ್ಲವೂ ಹೋದಂತೆ. ನಾವು ಇನ್ನೊಂದು ಉಪಾಯ ಮಾಡುತ್ತಿದ್ದೆವು. ಗೂಟಗಳಿಗೆ ಸೀಮೆಸುಣ್ಣ ಗಟ್ಟಿಯಾಗಿ ಉಜ್ಜಿ ಊರಿ ಬರುವುದು. ಗಾಳಿ ಇಲ್ಲದ ದಿನ ಭರತದ ನೀರು ಎಲ್ಲಿವರೆಗೆ ಏರಿತೋ ಅಲ್ಲಿವರೆಗೆ ತೊಳೆದುಹೋಗುತ್ತದೆ. ಮರುದಿನ ಸ್ಕೇಲ್ ಹಿಡಿದರೆ ಯಾವ ಗೂಟದ ಬುಡ ಎಷ್ಟು ತಗ್ಗಿನಲ್ಲಿದೆ ಅಂತ ಗೊತ್ತಾಗುತ್ತದೆ. ನೀರಿಗಿಂತ ಒಳ್ಳೆ ಲೆವೆಲ್ ಇನ್ನೊಂದಿಲ್ಲ.

ಆಮೇಲೆ ದಂಡೆ ಹಿಂದಕ್ಕೆ ಸರಿಯುತ್ತಿದೆಯಾ, ಮುಂದಕ್ಕೆ ಬರುತ್ತಿದೆಯಾ ಅನ್ನುವುದು. ಇದಕ್ಕೆ ಕಬ್ಬಿಣದ ಸರಳು ಸಾಕು. ಕೊರೆಯುವ ದಂಡೆಯ ಮೈಗೆ ಅಡ್ಡಲಾಗಿ ಹೊಡೆದು ಬಿಡಿ. ಹೊರಗೆ ಎಷ್ಟು ಉದ್ದ ಕಾಣುತ್ತದೆ ಅಂತ ಬರೆದುಕೊಳ್ಳಿ. ಮಳೆಗಾಲ ಮುಗಿದ ಮೇಲೆ ಮತ್ತೆ ನೋಡಿ. ಜಾಸ್ತಿ ಕಂಡರೆ ಕೊರೆದಿದೆ, ಮುಚ್ಚಿಹೋಗಿದ್ದರೆ ಮಣ್ಣು ಬಂದಿದೆ. ಬಣ್ಣದ ಬಟ್ಟೆ ಕಟ್ಟಿ, ಇಲ್ಲದಿದ್ದರೆ ಗುಜರಿಯವರು ತೆಗೆದುಕೊಂಡು ಹೋಗುತ್ತಾರೆ. ಬಟ್ಟೆ ಕಟ್ಟಿದರೂ ಕೆಲವೊಮ್ಮೆ ಹೋಗುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಬಿಳಿ ಪುಡಿಯ ಉಪಾಯ. ಫೆಲ್ಡ್‌ಸ್ಪಾರ್ ಎಂಬ ಬಿಳಿ ಕಲ್ಲಿನ ಪುಡಿ ಇರುತ್ತದೆ, ನೋಡಲು ರಂಗೋಲಿ ಪುಡಿಯೇ. ಇಳಿತದಲ್ಲಿ ಒಂದು ಸಣ್ಣ ಚೌಕದ ತುಂಬ ಅದನ್ನು ಹರಡಿ ಬರುವುದು. ಒಂದು ವರ್ಷ ಬಿಟ್ಟು ಅಲ್ಲಿ ಚಾಕುವಿನಿಂದ ಕೇಕಿನಂತೆ ಒಂದು ತುಂಡು ಕತ್ತರಿಸಿ ತೆಗೆದರೆ ಒಳಗೆ ಬಿಳಿ ಗೆರೆ ಕಾಣುತ್ತದೆ. ಗೆರೆಯ ಮೇಲೆ ಎಷ್ಟು ಕೆಸರಿದೆಯೋ ಅಷ್ಟು ಒಂದು ವರ್ಷದಲ್ಲಿ ಬಂದು ಕೂತದ್ದು. ಇದರ ಜೊತೆಗೆ ಇನ್ನೊಂದು ಸಾಧನ ಇದೆ. ಕೆಸರಿನೊಳಗೆ ಇನ್ನು ಇಳಿಯದು ಅನ್ನುವವರೆಗೆ ಉದ್ದದ ಸ್ಟೀಲ್ ಸರಳು ಹೊಡೆದು, ಅದಕ್ಕೆ ಒಂದು ತೋಳು ಕೂರಿಸಿ, ತೋಳಿನಿಂದ ಒಂಬತ್ತು ಕಡ್ಡಿಗಳನ್ನು ನೆಲಕ್ಕೆ ಮುಟ್ಟಿಸುವುದು. ನಾಲ್ಕು ದಿಕ್ಕಿಗೂ ತಿರುಗಿಸಿದರೆ 36 ಅಳತೆ. ಮಿಲಿಮೀಟರ್ ಲೆಕ್ಕದಲ್ಲಿ ನೆಲ ಏರಿತಾ, ಕುಸಿಯಿತಾ ಅಂತ ಸಿಗುತ್ತದೆ. ಎರಡೂ ಯಾಕೆ ಬೇಕು? ಮೇಲೆ ಹೊಸ ಕೆಸರು ಕೂತರೂ ಕೆಳಗೆ ಹಳೆಯ ಕೆಸರು ಒತ್ತಿಕೊಂಡು ಕುಸಿಯುತ್ತಿರಬಹುದು. ಆಗ ಬಿಳಿ ಪುಡಿ "ಏರಿದೆ" ಅನ್ನುತ್ತದೆ, ಸರಳು "ಇಳಿದಿದೆ" ಅನ್ನುತ್ತದೆ. ಇಬ್ಬರೂ ನಿಜ ಹೇಳುತ್ತಿರುತ್ತಾರೆ. ಕಡಲು ವರ್ಷಕ್ಕೆ ಮೂರು ಮಿಲಿಮೀಟರಿಗಿಂತ ಜಾಸ್ತಿ ಏರುತ್ತಿರುವ ಈ ಕಾಲದಲ್ಲಿ ದಂಡೆ ಉಳಿಯುತ್ತದಾ ಎಂಬ ಪ್ರಶ್ನೆಗೆ ಉತ್ತರ ಈ ಇಬ್ಬರ ನಡುವೆ ಇದೆ.

ಗಿಡ ಎಣಿಸುವುದು ಸುಲಭ, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಗ್ಗ ಎಳೆದು ಚೌಕ ಮಾಡಿ, ಪ್ರತಿ ಸಲ ಅದೇ ಚೌಕವನ್ನೇ ಎಣಿಸಿ. ನೆಟ್ಟದ್ದೆಷ್ಟು, ತಾನಾಗಿ ಹುಟ್ಟಿದ್ದೆಷ್ಟು ಅಂತ ಬೇರೆ ಬೇರೆ ಬರೆಯಿರಿ. ತಾನಾಗಿ ಹುಟ್ಟಿದ ಸಸಿ ಕಂಡ ದಿನ ಸಿಹಿ ಹಂಚಬಹುದು.

ಈಗ ಪಕ್ಕದ ಜಾಗದ ವಿಷಯ. ಬರೀ ನೆಟ್ಟ ಜಾಗವನ್ನೇ ಅಳೆಯುತ್ತಾ ಹೋದರೆ ನಾವು ನಮಗೇ ಮೋಸ ಮಾಡಿಕೊಳ್ಳುತ್ತೇವೆ. ಸುನಾಮಿ ಆದ ಮೇಲೆ ತಮಿಳುನಾಡಿನ ಅಂಕಿಗಳನ್ನು ಹಿಡಿದು ಒಂದು ಪ್ರಬಂಧ ಬಂತು. ಕಾಂಡ್ಲಾ ಕಾಡಿನ ಹಿಂಬದಿಯಲ್ಲಿದ್ದ ಊರುಗಳಲ್ಲಿ ಸಾವು ಕಡಿಮೆ ಅಂತ. ಎಲ್ಲರಿಗೂ ಖುಷಿ. ಆಮೇಲೆ ಬೇರೆಯವರು ಅದೇ ಅಂಕಿಗಳನ್ನು ಮತ್ತೆ ಜಾಲಾಡಿದರು. ಆ ಊರುಗಳು ಕಡಲಿನಿಂದ ದೂರವಿದ್ದವು, ಎತ್ತರದಲ್ಲೂ ಇದ್ದವು. ಅದನ್ನು ಲೆಕ್ಕಕ್ಕೆ ಹಿಡಿದರೆ ಗಿಡದ ಪಾಲು ಅಂತ ಉಳಿದದ್ದು ಬಹಳ ಸ್ವಲ್ಪ. ಅಂದರೆ ಕಾಂಡ್ಲಾದಿಂದ ಪ್ರಯೋಜನವೇ ಇಲ್ಲ ಅಂತಲಾ? ಅಲ್ಲ. ಆ ಲೆಕ್ಕದಿಂದ ಅದು ಸಾಬೀತಾಗುವುದಿಲ್ಲ ಅಂತ, ಅಷ್ಟೇ.

ಲೆಕ್ಕ ಸರಿಯಾಗಿ ಮಾಡಿದವರು ಸೌದಾಮಿನಿ ದಾಸ್ ಮತ್ತು ಜೆಫ್ರಿ ವಿನ್ಸೆಂಟ್ ಎಂಬ ಇಬ್ಬರು ಸಂಶೋಧಕರು. 1999ರ ಅಕ್ಟೋಬರ್‌ನ ಒಡಿಶಾ ಮಹಾಚಂಡಮಾರುತದ ಸಾವುನೋವನ್ನು ಅವರು ಕೇಂದ್ರಪಾಡಾ ಜಿಲ್ಲೆಯಲ್ಲಿ ಊರೂರಿನ ಮಟ್ಟದಲ್ಲಿ ನೋಡಿದರು. ಕಡಲಿನ ದೂರ, ನೆಲದ ಎತ್ತರ, ಬಡತನ, ಇಂಥದ್ದನ್ನೆಲ್ಲ ಬೇರ್ಪಡಿಸಿದರು. ಅದಾದ ಮೇಲೂ ಅಗಲದ ಕಾಂಡ್ಲಾ ಕಾಡು ಇದ್ದ ಊರುಗಳಲ್ಲಿ ಸಾವು ಕಡಿಮೆ ಅಂತ ಬಂತು. ಕಾಡು ಪೂರ್ತಿ ಇಲ್ಲದೆ ಹೋಗಿದ್ದರೆ ಊರೊಂದಕ್ಕೆ ಸರಾಸರಿ 1.72 ಸಾವು ಹೆಚ್ಚಾಗುತ್ತಿತ್ತು ಅನ್ನುವುದು ಅವರ 2009ರ ಲೆಕ್ಕ. ನೋಡಲು ಸಣ್ಣ ಅಂಕಿ. ಆದರೆ ಯಾರೂ ಅಲ್ಲಾಡಿಸಲಾಗದ ಹಾಗೆ ಕಟ್ಟಿದ ಅಂಕಿ. ನನಗೆ ಹತ್ತು ದೊಡ್ಡ ಅಂಕಿಗಿಂತ ಇಂಥದ್ದೊಂದು ಸಾಕು.

ನಮ್ಮಲ್ಲೇ ಹೋಲಿಕೆಗೆ ಒಳ್ಳೆ ಜೋಡಿ ಇದೆ. ಅಘನಾಶಿನಿ ಮತ್ತು ಶರಾವತಿ. ಅಕ್ಕಪಕ್ಕದ ನದಿಗಳು. ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಬೇಸಿಗೆಯಲ್ಲಿ ಸಿಹಿನೀರು ತಗ್ಗುತ್ತದೆ, ಕಡಲಿನ ಉಪ್ಪು ಒಳಗೆ ಬರುತ್ತದೆ. ಶರಾವತಿಗೆ ಲಿಂಗನಮಕ್ಕಿ ಇದೆ, ಕೆಳಗೆ ಗೇರುಸೊಪ್ಪೆಯೂ ಇದೆ. ಕರೆಂಟು ತೆಗೆದ ನೀರು ಬೇಸಿಗೆಯಲ್ಲೂ ಹರಿದು ಬರುತ್ತಲೇ ಇರುತ್ತದೆ. ಅಳಿವೆಯಲ್ಲಿ ಉಪ್ಪಿನಂಶ ಅಷ್ಟಾಗಿ ಏರುವುದಿಲ್ಲ. ಹೊನ್ನಾವರದ ಕಡೆಯವರನ್ನು ಕೇಳಿ, ಬಳಚು ಹೆಕ್ಕುತ್ತಿದ್ದ ದಿನಗಳ ಬಗ್ಗೆ ಹೇಳುತ್ತಾರೆ. ಅಲ್ಲಿ ಎಷ್ಟು ಕಾಂಡ್ಲಾ ನೆಟ್ಟರೂ ಉಪ್ಪುನೀರಿನ ಬಳಚು ಅದರಿಂದ ವಾಪಸ್ ಬರುವುದಿಲ್ಲ. ಉಪ್ಪು ಅಳೆಯದೆ ಗಿಡ ಮಾತ್ರ ಎಣಿಸಿದವನಿಗೆ ಈ ಕಾರಣ ಯಾವತ್ತೂ ಸಿಗುವುದಿಲ್ಲ. ಉಪ್ಪು ಅಳೆಯುವ ಸಾಧನ ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣದು. ಒಂದು ಹನಿ ನೀರು ಹಾಕಿ ಬೆಳಕಿಗೆ ಹಿಡಿದು ಕಣ್ಣಿಟ್ಟರೆ ಆಯಿತು.

ಇನ್ನು ಲಾಭದ ವಿಷಯ. ಕಾಂಡ್ಲಾದಿಂದ ಏನು ಲಾಭ ಅಂತ ಗೂಗಲ್‌ನಲ್ಲಿ ಕೇಳಿದರೆ ಉದ್ದ ಪಟ್ಟಿ ಬರುತ್ತದೆ. ಪಟ್ಟಿ ಸರಿಯೇ ಇದೆ. ಆದರೆ ಅದು ಕಾಡಿನ ಲಾಭ, ನೆಟ್ಟು ಮೂರು ವರ್ಷ ಆದ ಸಸಿಯದ್ದಲ್ಲ. ಇಂಗಾಲವನ್ನೇ ತೆಗೆದುಕೊಳ್ಳಿ. 2011ರಲ್ಲಿ ಬಂದ ಒಂದು ಹೆಸರಾಂತ ಅಧ್ಯಯನ ಹಿಂದೂ ಮಹಾಸಾಗರ, ಪೆಸಿಫಿಕ್ ಭಾಗದ 25 ಕಾಂಡ್ಲಾ ಕಾಡುಗಳನ್ನು ಅಳೆದು ಹೆಕ್ಟೇರಿಗೆ ಸರಾಸರಿ 1,023 ಟನ್ ಇಂಗಾಲ ಅಂತ ಹೇಳಿತು. ಅದರಲ್ಲಿ ಹೆಚ್ಚಿನ ಪಾಲು ಕೆಸರಿನೊಳಗೆ, ಶತಮಾನಗಳಿಂದ ಕೂತದ್ದು. ಈ ಅಂಕಿಯನ್ನು ಹೋದ ವರ್ಷ ನೆಟ್ಟ ಸಾಲಿಗೆ ಗುಣಿಸಿ ಭಾಷಣ ಮಾಡುವವರನ್ನು ನಾನು ನೋಡಿದ್ದೇನೆ. ಮೊನ್ನೆ ಹುಟ್ಟಿದ ಕರುವಿನ ಹಾಲು ಲೆಕ್ಕ ಹಾಕಿದ ಹಾಗಾಯಿತು.

ಮೀನಿನ ಲೆಕ್ಕ ಕಷ್ಟ, ಆದರೆ ಆಗದ್ದಲ್ಲ. ಒಂದೇ ಅಳತೆಯ ಬೀಸುಬಲೆ, ಒಂದೇ ಕೈ, ಅಷ್ಟೇ ಸಲ ಬೀಸುವುದು. ಗಿಡ ಇದ್ದ ಕಡೆ ಒಂದಷ್ಟು, ಬೋಳು ದಂಡೆಯಲ್ಲಿ ಅಷ್ಟೇ. ಬಲೆಗೆ ಬಿದ್ದ ಕಾಣೆ, ಸಿಗಡಿ, ಏಡಿಮರಿ ಎಲ್ಲ ಬರೆದು ವಾಪಸ್ ಬಿಡುವುದು. ಏಡಿ ಬಿಲಗಳನ್ನು ಚೌಕದೊಳಗೆ ಎಣಿಸುವುದನ್ನು ಹೈಸ್ಕೂಲು ಮಕ್ಕಳೂ ಮಾಡಬಹುದು. ನನಗೆ ಬಹಳ ಆಸೆಯಿರುವ ಒಂದು ದಾಖಲೆ ಇದೆ, ಇನ್ನೂ ಯಾರೂ ನನ್ನ ಕೈಗೆ ಕೊಟ್ಟಿಲ್ಲ. ಗಜನಿ ಒಡ್ಡಿಗೆ ವರ್ಷ ವರ್ಷ ಎಷ್ಟು ಆಳು, ಎಷ್ಟು ಮಣ್ಣು, ಎಷ್ಟು ದುಡ್ಡು ಹೋಯಿತು ಎಂಬ ಲೆಕ್ಕದ ಪುಸ್ತಕ. ಗಿಡ ಇರುವ ಒಡ್ಡಿನದ್ದೊಂದು, ಇಲ್ಲದ್ದರದ್ದೊಂದು. ಹತ್ತು ವರ್ಷದ್ದು ಸಿಕ್ಕರೆ ಯಾವ ವಿಜ್ಞಾನಿಯ ವರದಿಯೂ ಬೇಡ.

ಉಪಗ್ರಹ ಇದೆಯಲ್ಲ, ಕೆಸರು ತುಳಿಯುವುದು ಯಾಕೆ ಅಂತ ಒಬ್ಬ ಹುಡುಗ ಊಟದ ಹೊತ್ತಿಗೆ ಕೇಳಿದ. ಉಪಗ್ರಹ ಚಿತ್ರ ನೋಡಿ ಮಾಡುವ ಭಾರತದ ಅರಣ್ಯ ಸ್ಥಿತಿ ವರದಿ ಪ್ರಕಾರ ಕರ್ನಾಟಕದ ಕಾಂಡ್ಲಾ 2015ರಲ್ಲಿ 3 ಚದರ ಕಿಲೋಮೀಟರ್. 2017ರಲ್ಲಿ 10. 2021ರಲ್ಲಿ 13. ಎರಡೇ ವರ್ಷದಲ್ಲಿ ಏಳು ಚದರ ಕಿಲೋಮೀಟರ್ ಕಾಡು ಹುಟ್ಟುತ್ತದಾ ಮಾರಾಯ್ರೆ? ಹಿಂದಿನ ವರ್ಷಗಳಲ್ಲಿ ನೆಟ್ಟದ್ದು ಮೇಲಿನಿಂದ ಕಾಣುವಷ್ಟು ದಟ್ಟವಾಯಿತು ಅಂತ ನಾನು ಅರ್ಥ ಮಾಡಿಕೊಳ್ಳುತ್ತೇನೆ. ಅರಣ್ಯ ಇಲಾಖೆಯ ಹಳೆಯ ದುಡಿಮೆ ಅದು, ಶ್ಲಾಘಿಸಬೇಕು. ಆದರೆ ಆ ವರದಿಗೆ ಒಂದು ಹೆಕ್ಟೇರಿಗಿಂತ ಸಣ್ಣ ತುಂಡು ಕಾಣುವುದಿಲ್ಲ. ಒಡ್ಡಿನ ಪಕ್ಕದ ಹತ್ತು ಅಡಿ ಅಗಲದ ಸಾಲು ಅದರ ಕಣ್ಣಿಗೆ ಬೀಳದು. ನಮ್ಮ ಜೀವಂತ ದಂಡೆ ಅಂದರೆ ಬಹುಪಾಲು ಇಂಥ ಸಾಲುಗಳೇ. ಮೇಲಿನಿಂದ ಡ್ರೋನ್ ಹಾರಿಸಬಹುದು, ಒಳ್ಳೆಯದೇ. ಆದರೂ ಎಲೆಯ ಹಸಿರು ಕಾಣುತ್ತದೆಯೇ ಹೊರತು ಬುಡದ ಕೆಸರು ಏರಿತಾ ಅಂತ ಕಾಣದು.

ಕಾಂಡ್ಲಾ ಬೆಳೆಸುವ ಕೇಂದ್ರ ಸರ್ಕಾರದ ಮಿಷ್ಟಿ ಯೋಜನೆ 2023ರಲ್ಲಿ ಶುರುವಾಗಿದೆ. ದೇಶದಲ್ಲಿ 540 ಚದರ ಕಿಲೋಮೀಟರ್ ಗುರಿ. ಅಘನಾಶಿನಿ ಅಳಿವೆಗೆ 2024ರಲ್ಲಿ ರಾಮ್ಸಾರ್ ಪಟ್ಟ, ಅಂದರೆ ಜೌಗು ಪ್ರದೇಶಗಳಿಗೆ ಸಿಗುವ ಅಂತಾರಾಷ್ಟ್ರೀಯ ಮಾನ್ಯತೆ ಬಂದಿದೆ, 4,801 ಹೆಕ್ಟೇರಿಗೆ. ಇನ್ನು ದುಡ್ಡೂ ಬರುತ್ತದೆ, ಗಿಡವೂ ಬರುತ್ತದೆ. ನನ್ನ ಬೇಡಿಕೆ ಇಷ್ಟೇ. ನೆಡುವ ದುಡ್ಡಿನಲ್ಲಿ ಒಂದು ಪಾಲು ಎಣಿಸಲು ಎತ್ತಿಡಿ. ನೆಡುವ ಮೊದಲು ಒಂದು ವರ್ಷ ಅಳೆಯಿರಿ. ಯೋಜನೆ ಕೆಲವೇ ವರ್ಷಕ್ಕೆ ಮುಗಿಯುತ್ತದೆ, ದಂಡೆ ಮುಗಿಯುವುದಿಲ್ಲ. ಹತ್ತು ವರ್ಷ ಪುಸ್ತಕ ಯಾರ ಮನೆಯಲ್ಲಿ ಇರಬೇಕು ಅನ್ನುವುದನ್ನು ಮೊದಲೇ ತೀರ್ಮಾನ ಮಾಡಿ. ಕಚೇರಿಯಲ್ಲಿಟ್ಟರೆ ವರ್ಗಾವಣೆಯ ಜೊತೆ ಹೋಗುತ್ತದೆ. ಕಾಲೇಜಿನಲ್ಲಿಟ್ಟರೆ ಪರೀಕ್ಷೆಯ ಜೊತೆ ಮರೆತುಹೋಗುತ್ತದೆ. ನನ್ನ ಅನುಭವದಲ್ಲಿ ಊರವರ ಮನೆಯೇ ವಾಸಿ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಗಜನಿ ಇರುವ ಹಿರಿಯರೊಬ್ಬರು ಎದ್ದರು. "ಕಾಂಡ್ಲಾ ಬಂದ್ರೆ ಏಡಿ ಬತ್ತದೆ. ಏಡಿ ಒಡ್ಡಿಗೆ ತೂತು ಹೊಡೀತದೆ. ಅದಕ್ಕೇನ್ ಹೇಳ್ತ್ರಿ?" ಸರಿಯಾದ ಪ್ರಶ್ನೆ. ಗಿಡವನ್ನು ಒಡ್ಡಿನ ಮೈ ಮೇಲೆಯೇ ನೆಡಬಾರದು, ಸ್ವಲ್ಪ ಹೊರಗೆ ನೆಡಬೇಕು ಅಂದೆ. ಅಲೆ ತಡೆದದ್ದರ ಲಾಭ ಜಾಸ್ತಿಯೋ, ಏಡಿ ತೂತಿನ ನಷ್ಟ ಜಾಸ್ತಿಯೋ ಅನ್ನುವುದು ನಿಮ್ಮ ಒಡ್ಡಿನ ಖರ್ಚು ಬರೆದಿಟ್ಟರೆ ಮಾತ್ರ ಗೊತ್ತಾಗುತ್ತದೆ, ಆ ಪುಸ್ತಕ ನೀವೇ ಶುರು ಮಾಡಿ ಅಂದೆ. ಅವರು ನಕ್ಕರು. "ಖರ್ಚು ಬರೆದ್ರೆ ಮನೇಲಿ ಜಗಳ ಆಗ್ತದೆ" ಅಂದರು.

ಎರಡನೆಯವರು ಹಿಂದಿನ ಸಾಲಿನ ಅಕ್ಕ. ಬಳಚು ಹೆಕ್ಕುವವರು. ಎದ್ದು ನಿಂತು ನೇರ ಕೇಳಿದರು. "ಮಾಸ್ತರ್ರೆ, ನೀವೆಲ್ಲ ಸೇರಿ ಕೆಸರ ತುಂಬ ಗಿಡ ನೆಟ್ಟ ಮೇಲೆ ನಾವ್ ಬಳಚು ಎಲ್ಲಿ ಹೆಕ್ಕೂದು?"

ಅಘನಾಶಿನಿಯ ಬಳಚಿನಿಂದ ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ನೇರ ದುಡಿಮೆ ಸಿಗುತ್ತದೆ ಅಂತ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಹಿಂದೆ ಲೆಕ್ಕ ಹಾಕಿದ್ದರು. ಆ ದುಡಿಮೆ ಇರುವುದು ನಾನು ಹೇಳಿದ ಕೆಳಗಿನ ಅರ್ಧದಲ್ಲಿ. ಅಲ್ಲಿ ಗಿಡ ನೆಟ್ಟರೆ ಗಿಡವೂ ಉಳಿಯುವುದಿಲ್ಲ, ಬಳಚಿನ ಜಾಗವೂ ಕೆಡುತ್ತದೆ ಅಂತ ಅವರಿಗೆ ಹೇಳಿದೆ. ನೆಡುವ ಮೊದಲು ಬಳಚು ಸಿಗುವ ಗಡಿ ಎಲ್ಲಿ ಅಂತ ಯಾರೂ ಅವರನ್ನು ಕೇಳಿರಲಿಲ್ಲವಂತೆ. ನಾನೂ ಇಷ್ಟು ವರ್ಷ ಲೆವೆಲ್ ಪೈಪು ಹಿಡಿದು ತಿರುಗಿದವನು ಅವರನ್ನು ಕೇಳಿರಲಿಲ್ಲ. ದಿನಾ ಅಲ್ಲಿ ಕಾಲಿಡುವವರಿಗೆ ಆ ಗೇಣಿನ ಗಡಿ ಪಾದಕ್ಕೇ ಗೊತ್ತಿರುತ್ತದೆ. ಮುಂದಿನ ಅಮಾವಾಸ್ಯೆಯ ಇಳಿತಕ್ಕೆ ಬಂದು ಗಡಿ ತೋರಿಸುತ್ತೀರಾ, ಅಲ್ಲಿ ಗೂಟ ಹಾಕೋಣ ಅಂದೆ.

"ಗೂಟ ನಾವೇ ಊರ್ತೇವೆ" ಅಂದರು. "ನೀವ್ ಪುಸ್ತಕ ತಕಂಡ್ ಬನ್ನಿ."